ಗೋಲಿ ಕೆಳಗಿಳಿದ ಮೇಲಿನ ಎರಡು ನಿಮಿಷ

ಈ ವರ್ಷದ ಶಿವರಾತ್ರಿಯಿಂದ ಮಿರಗದ ಮಳೆ ಹಿಡಿಯುವವರೆಗೆ ನಾನು ಕುಡಿದ ಸೋಡಾ ಮತ್ತು ತಂಪು ಪಾನೀಯಗಳ ಲೆಕ್ಕವನ್ನೆಲ್ಲ ನೂರು ಪುಟದ ಒಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ಎಲ್ಲ ಅಂಗಡಿಗಳ ಫ್ರಿಜ್ಜಿನಲ್ಲೂ ಸಾಲಾಗಿ ನಿಂತಿರುವ ದೊಡ್ಡ ಕಂಪನಿಗಳ ಕೋಲಾಗಳನ್ನು ಬಿಟ್ಟು, ಗಾಡಿಯ ಮೇಲೆ ಕಣ್ಣೆದುರಿಗೇ ಮಾಡಿಕೊಡುವ ಸೋಡಾ, ಓಣಿಯ ಸಣ್ಣ ಕಾರ್ಖಾನೆಗಳ ಸೋಡಾ, ಬೇರೆ ಊರುಗಳಿಂದ ತರಿಸಿದ ಹಳೆಯ ಹೆಸರಿನ ಪಾನೀಯಗಳು, ಮನೆಯಲ್ಲಿಯೇ ಕಲಸಿಕೊಂಡವು, ಹೀಗೆ ಒಟ್ಟು ಮೂವತ್ತೊಂದು ನಮೂದುಗಳಾಗಿವೆ. ಪ್ರತಿ ಪುಟದಲ್ಲೂ ಬರೆದ ಕ್ರಮ ಒಂದೇ: ಮೊದಲು ನೀರು ಹೇಗಿದೆ, ಅನಂತರ ಗ್ಯಾಸು ಎಷ್ಟು ಚುರುಕಾಗಿದೆ, ಹುಳಿ ಎಲ್ಲಿಂದ ಬಂದಿದೆ, ಸಿಹಿ ಎಷ್ಟಿದೆ, ಕಟ್ಟಕಡೆಗೆ ಪರಿಮಳ. ಈ ಕ್ರಮವನ್ನು ನಾನು ಬೇಕೆಂದೇ ಇಟ್ಟುಕೊಂಡೆ. ಬಾಟಲಿಯ ಮೇಲೆ ಅಚ್ಚಾಗಿರುವುದು ಪರಿಮಳದ ಹೆಸರಾದರೂ ಬಾಯಿಗೆ ಮೊದಲು ಬೀಳುವುದು ನೀರು ಮತ್ತು ಗ್ಯಾಸು. ಅವೆರಡೂ ಕೆಟ್ಟಿದ್ದರೆ ಮಿಕ್ಕದ್ದನ್ನು ಎಷ್ಟು ಹೊಗಳಿದರೂ ಆ ಪಾನೀಯ ಉದ್ಧಾರವಾಗುವುದಿಲ್ಲ.

ಮೊದಲ ನಮೂದು ಹುಬ್ಬಳ್ಳಿಯ ದುರ್ಗದಬೈಲಿನದು. ನಾನು ಧಾರವಾಡದವಳು, ಕೆಲಸ ಹುಬ್ಬಳ್ಳಿಯಲ್ಲಿ. ಸಂಜೆ ಊರಿಗೆ ಮರಳುವ ಚಿಗರಿ ಬಸ್ಸು ಹಿಡಿಯುವ ಮುಂಚೆ ವಾರಕ್ಕೆ ಒಂದೆರಡು ಸಲ ದುರ್ಗದಬೈಲಿಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿನ್ನುವುದು ನನ್ನ ಬಹುಕಾಲದ ರೂಢಿ. ಆ ಎಣ್ಣೆ ಮತ್ತು ಖಾರದ ಬೆನ್ನಿಗೆ ಒಂದು ಲಿಂಬೆ ಸೋಡಾ ಆಗಲೇಬೇಕು. ನಾನು ಹೋಗುವ ಗಾಡಿಯಾತ ಬಾಟಲಿಗಳನ್ನು ನೆನೆಸಿದ ಗೋಣಿತಟ್ಟಿನಡಿ, ಮಂಜುಗಡ್ಡೆಯ ಚೂರುಗಳ ನಡುವೆ ಮಲಗಿಸಿರುತ್ತಾನೆ. ಕೇಳುವ ಪ್ರಶ್ನೆಯೂ ಪ್ರತಿಸಲ ಒಂದೇ: "ಅಕ್ಕಾರ, ಉಪ್ಪಿಂದ ಮಾಡ್ಲ್ಯೋ, ಸಕ್ಕರಿದು ಮಾಡ್ಲ್ಯೋ?" ನಾನು ಹೇಳುವುದೂ ಒಂದೇ: "ಉಪ್ಪಿಂದ ಮಾಡ್ರಿ, ಕರಿ ಉಪ್ಪು ಸ್ವಲ್ಪ ಮುಂದ ಇರ್ಲಿ."

ಆತ ಗ್ಲಾಸಿನ ತಳಕ್ಕೆ ಲಿಂಬೆಹಣ್ಣಿನ ಅರ್ಧ ಹೋಳನ್ನು ಹಿಂಡುತ್ತಾನೆ. ಬೀಜಗಳು ಬೆರಳಸಂದಿಯಲ್ಲೇ ಉಳಿಯುತ್ತವೆ. ಚಮಚೆಯ ತುದಿಯಲ್ಲಿ ಬಿಳಿ ಉಪ್ಪು, ಆಮೇಲೆ ಚಿಟಿಕೆ ಕರಿ ಉಪ್ಪು. ಬಾಟಲಿಯನ್ನು ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದು, ಕಟ್ಟಿಗೆಯ ಸಣ್ಣ ಟೊಪ್ಪಿಗೆಯನ್ನು ಬಾಯಿಗಿಟ್ಟು ಅಂಗೈಯಿಂದ ಒಮ್ಮೆ ಗುದ್ದಿದರೆ, ಚೀರಿದಂಥ ಒಂದು ಸದ್ದಿನೊಡನೆ ಗೋಲಿ ಕೆಳಗಿಳಿಯುತ್ತದೆ. ಆತ ಗೋಲಿ ಇಳಿದ ಕೂಡಲೇ ಸುರಿಯುವುದಿಲ್ಲ. ಉಸಿರು ಬಿಡುವಷ್ಟು ಹೊತ್ತು ತಡೆದು, ಗ್ಲಾಸನ್ನು ಓರೆಯಾಗಿ ಹಿಡಿದು, ಅದರ ಗೋಡೆಗುಂಟ ಸೋಡಾವನ್ನು ಇಳಿಬಿಡುತ್ತಾನೆ. ಉಪ್ಪಿನ ಹರಳುಗಳಿಗೆ ಸೋಡಾ ತಾಗಿದ ಕ್ಷಣ ನೊರೆ ಗ್ಲಾಸಿನ ಅಂಚಿನವರೆಗೆ ಏರಿ ಅಲ್ಲಿಯೇ ನಿಲ್ಲುತ್ತದೆ, ಹೊರಗೆ ಚೆಲ್ಲುವುದಿಲ್ಲ. ಈ ಅಳತೆ ಕೈಗೆ ಹತ್ತುವುದಕ್ಕೆ ವರ್ಷಗಳೇ ಬೇಕು. ಉಪ್ಪು ಹಾಕಿದಾಗ ನೊರೆ ಬರುವುದು ರಾಸಾಯನಿಕ ಕ್ರಿಯೆಯಿಂದ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ, ನೀರಿನಲ್ಲಿ ಒತ್ತಿ ಕೂಡಿಸಿದ ಗ್ಯಾಸು ಗುಳ್ಳೆಯಾಗಿ ಹೊರಬರಲು ಒಂದು ಒರಟಾದ ತಾಣ ಬೇಕು. ಉಪ್ಪಿನ ಪ್ರತಿ ಹರಳಿನ ಮೈಯೂ ಅಂಥ ನೂರಾರು ತಾಣಗಳನ್ನು ಕೊಡುತ್ತದೆ. ಆದ್ದರಿಂದ ಉಪ್ಪಿನ ಸೋಡಾ ಸಕ್ಕರೆ ಪಾಕದ ಸೋಡಾಕ್ಕಿಂತ ಬೇಗ ಗ್ಯಾಸು ಕಳೆದುಕೊಳ್ಳುತ್ತದೆ. ನನ್ನ ಗಡಿಯಾರದ ಪ್ರಕಾರ ಅದರ ಉತ್ತಮ ಸ್ಥಿತಿ ಸುಮಾರು ಎರಡು ನಿಮಿಷ. ಅಷ್ಟರೊಳಗೆ ಕುಡಿದವರಿಗೆ ಲಿಂಬೆಯ ಹುಳಿ, ಕರಿ ಉಪ್ಪಿನ ಗಂಧಕದ ವಾಸನೆ, ಗ್ಯಾಸಿನ ಚುಚ್ಚು ಮೂರೂ ಒಟ್ಟಿಗೆ ಸಿಗುತ್ತವೆ; ಮಾತಾಡುತ್ತ ನಿಂತವರಿಗೆ ಉಪ್ಪುನೀರು ಉಳಿಯುತ್ತದೆ. ಹುಬ್ಬಳ್ಳಿಯ ಬಿಸಿಲಿನಲ್ಲಿ ಇದಕ್ಕೆ ಸರಿಸಾಟಿಯಾದ ಇನ್ನೊಂದು ಪಾನೀಯವನ್ನು ಮೂವತ್ತೊಂದರಲ್ಲಿ ನಾನು ಕಾಣಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆತ ಬಳಸುವ ಹಣ್ಣು ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬರುವಂಥದ್ದು. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆ ಲಿಂಬೆಯ ರಸ ಹೆಚ್ಚು, ಸಿಪ್ಪೆ ತೆಳು, ಹಿಂಡಿದ ಮೇಲೂ ಕಹಿ ಇಳಿಯುವುದಿಲ್ಲ.

ಆ ಬಾಟಲಿಯ ಬಗ್ಗೆ ನಾಲ್ಕು ಮಾತು ಬರೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಹಿರಾಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ಆಸುಪಾಸಿನಲ್ಲಿ ಗಾಜಿನ ಗೋಲಿಯಿಂದಲೇ ಬಾಯಿ ಮುಚ್ಚುವ ಉಪಾಯ ಕಂಡುಹಿಡಿದು, 1872ರಲ್ಲಿ ಈಗ ನಾವು ನೋಡುವ ಕುತ್ತಿಗೆಯ ಆಕಾರಕ್ಕೆ ಪೇಟೆಂಟ್ ಪಡೆದ. ಬಿರಡೆಯ ಬಾಟಲಿಗಳಲ್ಲಿ ಬಿರಡೆ ಒಣಗಿ ಗ್ಯಾಸು ಸೋರಿಹೋಗುತ್ತಿದ್ದ ಕಾಲದಲ್ಲಿ, ಗ್ಯಾಸಿನ ಒತ್ತಡವನ್ನೇ ಬೀಗವಾಗಿ ಬಳಸಿಕೊಂಡದ್ದು ಆತನ ಜಾಣತನ. 1892ರಲ್ಲಿ ಅಮೆರಿಕದಲ್ಲಿ ತಗಡಿನ ಮುಚ್ಚಳ ಬಂದಮೇಲೆ ಇಂಗ್ಲೆಂಡಿನಲ್ಲಿ ಗೋಲಿ ಬಾಟಲಿ ಮೆಲ್ಲಗೆ ಮಾಯವಾಯಿತು. ನಮ್ಮಲ್ಲಿ ಮತ್ತು ಜಪಾನಿನಲ್ಲಿ ಉಳಿಯಿತು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಈಗಲೂ ಮನೆಯ ಪಡಸಾಲೆಯಲ್ಲಿ ಇಂಥ ಬಾಟಲಿ ತುಂಬುವ ಒಬ್ಬರಿದ್ದಾರೆ. ಎಪ್ರಿಲ್ ತಿಂಗಳ ಒಂದು ರವಿವಾರ ಬೆಳಿಗ್ಗೆ ಅವರ ಅನುಮತಿ ಕೇಳಿ ಎರಡು ತಾಸು ಅಲ್ಲಿ ಕುಳಿತಿದ್ದೆ.

ಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರು, ಅದರಿಂದ ಒಂದು ಕೊಳವೆ, ನಡುವೆ ಕಬ್ಬಿಣದ ಚೌಕಟ್ಟು, ಚೌಕಟ್ಟಿಗೆ ಕೈಯಿಂದ ತಿರುಗಿಸುವ ಹಿಡಿಕೆ: ಇಷ್ಟೇ ಅವರ ಕಾರ್ಖಾನೆ. ತಣ್ಣೀರು ತುಂಬಿದ ಬಾಟಲಿಯನ್ನು ಚೌಕಟ್ಟಿನ ತೊಟ್ಟಿಲಿನಲ್ಲಿ ಮಲಗಿಸಿ ಹಿಡಿಕೆ ತಿರುಗಿಸಿದರೆ ಬಾಟಲಿ ಬುಡಮೇಲಾಗುತ್ತದೆ, ಗ್ಯಾಸು ಒಳನುಗ್ಗುತ್ತದೆ, ನೀರು ಅದರೊಡನೆ ಕುಲುಕಾಡಿ ಹೀರಿಕೊಳ್ಳುತ್ತದೆ. ಬಾಯಿ ಕೆಳಗಾಗಿರುವುದರಿಂದ ಗೋಲಿ ತನ್ನ ಭಾರಕ್ಕೆ ತಾನೇ ಕುತ್ತಿಗೆಗೆ ಜಾರುತ್ತದೆ; ಕೊಳವೆಯ ಒತ್ತಡ ತಪ್ಪಿದೊಡನೆ ಒಳಗಿನ ಒತ್ತಡ ಅದನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಕೂಡಿಸಿಬಿಡುತ್ತದೆ. ನಾನು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ತಿಳಿಹಸಿರು ಗಾಜು, ಒಳಗೆ ಸಣ್ಣಸಣ್ಣ ಗಾಳಿಗುಳ್ಳೆಗಳು, ಕುತ್ತಿಗೆಯ ಒಂದು ಮಗ್ಗುಲಲ್ಲಿ ಹೆಬ್ಬೆರಳಿನಿಂದ ಒತ್ತಿದಂತೆ ಎರಡು ಕುಳಿಗಳು. ಆ ಕುಳಿಗಳು ಕೆಳಮುಖವಾಗುವಂತೆ ಹಿಡಿದು ಕುಡಿದರೆ ಗೋಲಿ ಅಲ್ಲಿಯೇ ತಂಗಿ ದಾರಿ ಬಿಡುತ್ತದೆ. ತಿರುವಿ ಹಿಡಿದರೆ ಉರುಳಿಬಂದು ಬಾಯಿ ಮುಚ್ಚುತ್ತದೆ. ಚಿಕ್ಕವಳಿದ್ದಾಗ ಇದು ತಿಳಿಯದೆ ಜಾತ್ರೆಯಲ್ಲಿ ಅರ್ಧ ಸೋಡಾವನ್ನು ಬಾಟಲಿಯಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ಆ ಹಿರಿಯರು ತಮ್ಮ ರಬ್ಬರ್ ಉಂಗುರಗಳ ಡಬ್ಬಿಯನ್ನು ತೋರಿಸಿ, "ಗಾಜು ಒಡಿಯೂದಿಲ್ರಿ ತಂಗಿ, ರಬ್ಬರ ಸಡ್ಲ ಆತಂದ್ರ ಸೋಡಾ ಸತ್ತಂಗ" ಎಂದರು. ವಾರಕ್ಕೊಮ್ಮೆ ಎಲ್ಲ ಬಾಟಲಿಗಳ ಉಂಗುರ ನೋಡುತ್ತಾರಂತೆ. ಅವರ ಸೋಡಾ ನನ್ನ ವಹಿಯಲ್ಲಿ ಗ್ಯಾಸಿನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು ಆ ಡಬ್ಬಿಯಿಂದಲೇ ಎಂದು ನಾನು ನಂಬುತ್ತೇನೆ.

ಗ್ಯಾಸಿನ ಚುಚ್ಚು ಎಂದು ನಾವು ಹೇಳುವುದು ಗುಳ್ಳೆ ಒಡೆಯುವುದರಿಂದ ಆಗುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಗುಳ್ಳೆಯೇ ಏಳದಷ್ಟು ಒತ್ತಡದ ಕೋಣೆಯಲ್ಲಿ ಸೋಡಾ ಕುಡಿಸಿದಾಗಲೂ ಜನರಿಗೆ ಅದೇ ಚುರುಕು ತಿಳಿದಿದೆ. ನಾಲಿಗೆಯ ಮೇಲಿರುವ ಒಂದು ಕಿಣ್ವ ಇಂಗಾಲದ ಡೈ ಆಕ್ಸೈಡನ್ನು ಆಮ್ಲವಾಗಿ ಮಾರ್ಪಡಿಸುತ್ತದೆ. ಹುಳಿಯನ್ನು ಅರಿಯುವ ಜೀವಕೋಶಗಳೇ ಇದನ್ನೂ ಅರಿಯುತ್ತವೆಂದು 2009ರಲ್ಲಿ ಸಂಶೋಧಕರು ತೋರಿಸಿದರು. ಅದರ ಜೊತೆಗೆ ಮೆಣಸಿನಕಾಯಿಯ ಖಾರದಂಥ ಉರಿಯನ್ನು ತಿಳಿಸುವ ನರಗಳೂ ಎಚ್ಚರಾಗುತ್ತವೆ. ಬ್ಯಾಡಗಿಯ ನೆರೆಯವರಾದ ನಮಗೆ ಸೋಡಾ ಇಷ್ಟು ಹಿಡಿಸಲು ಇದೂ ಒಂದು ಕಾರಣವಿರಬಹುದೆಂದು ನನಗೆ ಅನ್ನಿಸುತ್ತದೆ; ಮಿರ್ಚಿಯ ಖಾರದ ಮೇಲೆ ಸೋಡಾದ ಚುರುಕು ಬಂದರೆ ಒಂದನ್ನೊಂದು ಅಳಿಸುವುದಿಲ್ಲ, ಎತ್ತಿ ಹಿಡಿಯುತ್ತವೆ. ತಂಪು ಇರಲೇಬೇಕಾದ ಕಾರಣವೂ ಇಲ್ಲಿಯೇ ಇದೆ. ಸೊನ್ನೆ ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳುವ ಗ್ಯಾಸಿನಲ್ಲಿ ಅರ್ಧಕ್ಕಿಂತಲೂ ತುಸು ಕಡಿಮೆಯಷ್ಟನ್ನು ಮಾತ್ರ 25 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳಬಲ್ಲದು. ಗ್ಲಾಸಿಗೆ ಐಸು ಹಾಕುವುದು ಮಾತ್ರ ಒಳ್ಳೆಯ ಪದ್ಧತಿಯಲ್ಲ, ಅದರ ಒರಟು ಮೈಯೂ ಉಪ್ಪಿನಂತೆಯೇ ಗ್ಯಾಸನ್ನು ಹೊರಗೆಳೆಯುತ್ತದೆ, ಕರಗಿ ರುಚಿಯನ್ನೂ ತೆಳುವಾಗಿಸುತ್ತದೆ. ಬಾಟಲಿಯನ್ನೇ ತಣ್ಣಗಿಡಬೇಕು.

ಇನ್ನು ನೀರು. ಸೋಡಾ ಎಂಬ ಹೆಸರಿದ್ದರೂ ನಮ್ಮ ಬಾಟಲಿಯಲ್ಲಿ ಸೋಡಾ ಎಂಬ ಕ್ಷಾರ ಇರುವುದಿಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಪಕ್ಕದ ಬಿಯರ್ ಭಟ್ಟಿಯ ತೊಟ್ಟಿಗಳ ಮೇಲೆ ನೀರಿನ ಪಾತ್ರೆ ಹಿಡಿದು ಅಲ್ಲಿ ಏಳುವ ಗಾಳಿಯನ್ನು ನೀರಿಗೆ ಕೂಡಿಸಿದ್ದೇ ಇದರ ಮೂಲ. ಆಗ ಬಯಸಿದ್ದು ಔಷಧಿಯ ಗುಣವುಳ್ಳ ಬುಗ್ಗೆಯ ನೀರಿನಂಥ ನೀರನ್ನು, ಅದಕ್ಕಾಗಿ ಕ್ಷಾರದ ಲವಣಗಳನ್ನು ಸೇರಿಸುತ್ತಿದ್ದರು, ಹೆಸರು ಹಾಗೆಯೇ ಉಳಿಯಿತು. ನೀರಿನಲ್ಲಿ ತಾನಾಗಿಯೇ ಇರುವ ಕ್ಷಾರ ಮಾತ್ರ ಸೋಡಾದ ಹಗೆ. ಹುಬ್ಬಳ್ಳಿ ಧಾರವಾಡಗಳಿಗೆ ನಳದಲ್ಲಿ ಬರುವುದು ಮುಖ್ಯವಾಗಿ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭೆಯ ನೀರು, ಅದು ಸಿಹಿನೀರು. ಗದಗಿನ ಕಡೆ ಬೋರಿನ ಸವಳು ನೀರಿನಲ್ಲಿ ಮಾಡಿದ ಸೋಡಾ ಕುಡಿದೆ. ಗೋಲಿ ಸರಿಯಾಗಿಯೇ ಚೀರಿತು, ಗುಳ್ಳೆಗಳೂ ಇದ್ದವು, ಆದರೆ ನಾಲಿಗೆಯ ಮೇಲೆ ಚುರುಕು ಮೊಂಡಾಗಿತ್ತು, ನುಂಗಿದ ಮೇಲೆ ಸುಣ್ಣದ ನೀರಿನಂಥ ಒಂದು ಎಳೆ ಉಳಿಯಿತು. ಸವಳು ನೀರಿನಲ್ಲಿರುವ ಬೈಕಾರ್ಬೊನೇಟು ಎಂಬ ಕ್ಷಾರ ಹುಳಿಯನ್ನು ತಿಂದುಹಾಕುವುದರಿಂದ ಹೀಗಾಗುತ್ತದೆ. ಅದೇ ಊರಿನಲ್ಲಿ, ವೀರನಾರಾಯಣ ಗುಡಿಗೆ ಹೋಗಿ ಬರುವ ದಾರಿಯಲ್ಲಿ, ಶುದ್ಧೀಕರಿಸಿದ ನೀರು ಬಳಸುವ ಇನ್ನೊಂದು ಗಾಡಿಯಲ್ಲಿ ಕುಡಿದ ಶುಂಠಿ ಸೋಡಾ ಬಹಳ ಸೊಗಸಾಗಿತ್ತು. ಹಸಿ ಶುಂಠಿಯನ್ನು ಅಲ್ಲಿಯೇ ಜಜ್ಜಿ ರಸ ಹಿಂಡಿ ಹಾಕಿದ್ದ ಅದರ ಬಿಸುಪು ಗಂಟಲಿನಲ್ಲಿ ಗದಗಿನಿಂದ ಅಣ್ಣಿಗೇರಿಯವರೆಗೂ ಇತ್ತು.

ನನ್ನ ಅಣ್ಣನ ಮಗ ಕೆಲಸದ ಮೇಲೆ ಊರೂರು ತಿರುಗುವವನು. ನನ್ನ ವಹಿಯ ಸುದ್ದಿ ಕೇಳಿ, ಹೋದ ಊರಿನಿಂದೆಲ್ಲ ಒಂದೊಂದು ಬಾಟಲಿ ತಂದುಕೊಟ್ಟ. ತಮಿಳುನಾಡಿನಿಂದ ತಂದದ್ದು ಬೊವೊಂಟೊ. 1916ರಷ್ಟು ಹಳೆಯ ಕಾಳಿಮಾರ್ಕ್ ಸಂಸ್ಥೆಯದು. ಬಣ್ಣ ಕೋಲಾದ್ದು, ಮೊದಲ ಗುಟುಕು ಕೋಲಾದಂತೆಯೇ ಶುರುವಾಗಿ ನಡುವಿನಲ್ಲಿ ಕರಿದ್ರಾಕ್ಷಿಗೆ ಹೊರಳುತ್ತದೆ. ನುಂಗಿದ ಮೇಲೆ ಒಣದ್ರಾಕ್ಷಿ ನೆನೆಹಾಕಿದ ನೀರಿನ ನೆನಪು ಬರುತ್ತದೆ. ಸಿಹಿ ಜಾಸ್ತಿ, ಆದರೂ ದ್ರಾಕ್ಷಿಯ ಒಗರು ಅದನ್ನು ಹತೋಟಿಯಲ್ಲಿಡುತ್ತದೆ. ಸೂರತ್ತಿನಿಂದ ಬಂದದ್ದು ಸೋಸಿಯೊ. ಸ್ವದೇಶಿ ಚಳವಳಿಯ ದಿನಗಳಲ್ಲಿ, 1923ರಲ್ಲಿ, ಹಜೂರಿ ಮನೆತನದವರು ಶುರುಮಾಡಿದ್ದು. ಸೇಬು ಮತ್ತು ದ್ರಾಕ್ಷಿ ಕೂಡಿ ತುಸು ಹುದುಗಿದಂಥ ವಾಸನೆ ಅದಕ್ಕಿದೆ. ಮನೆಯವರು ಒಂದು ಗುಟುಕಿಗೆ ಗ್ಲಾಸು ಕೆಳಗಿಟ್ಟರು. ನಾನು ಎರಡನೆಯ ದಿನ ಮತ್ತೆ ಕುಡಿದು ನೋಡಿ ಅಭಿಪ್ರಾಯ ಬದಲಿಸಿಕೊಂಡೆ. ಎಣ್ಣೆಯಲ್ಲಿ ಕರಿದ ತಿನಿಸಿನ ಜೊತೆ ಅದು ಬಹಳ ಹೊಂದುತ್ತದೆ, ಬರಿ ಹೊಟ್ಟೆಗೆ ಸೇರುವುದಿಲ್ಲ.

ಮುಂಬಯಿಯಿಂದ ತಂದ ಪಲ್ಲೋಂಜಿ ರಾಸ್‌ಬೆರಿ ಸೋಡಾದ ಬಗ್ಗೆ ನನಗೆ ಬಹಳ ಆಸೆಯಿತ್ತು. 1865ರಿಂದ ನಡೆದುಬಂದ ಪಾರ್ಸಿಗಳ ಪಾನೀಯ, ಇರಾನಿ ಹೋಟೆಲುಗಳ ಊಟದ ಸಂಗಾತಿ. ಬಣ್ಣ ಕುಂಕುಮದಂತೆ ಕಣ್ಣು ತುಂಬುತ್ತದೆ. ರುಚಿಯಲ್ಲಿ ನನಗೆ ಸಿಕ್ಕಿದ್ದು ಹಣ್ಣಿಗಿಂತ ಹೆಚ್ಚಾಗಿ ಮಿಠಾಯಿ. ಆ ಊಟದ ಜೊತೆ, ಆ ಊರಿನ ಸೆಕೆಯಲ್ಲಿ ಕುಡಿಯಬೇಕಾದ್ದನ್ನು ಧಾರವಾಡದ ಅಡುಗೆಮನೆಯಲ್ಲಿ ಕುಳಿತು ತೂಗುವುದು ನ್ಯಾಯವಲ್ಲವೆಂದು ಅಂಕ ಕೊಡದೆ ಬಿಟ್ಟೆ.

ಜಪಾನಿನ ರಾಮುನೆ ಮಾತ್ರ ಬೇರೆಯೇ ಸಂತೋಷ ಕೊಟ್ಟಿತು. ಬೆಂಗಳೂರಿನ ಅಂಗಡಿಯೊಂದರಲ್ಲಿ ಸಿಕ್ಕಿತಂತೆ. ಬಾಟಲಿ ಕೈಗೆ ಬಂದೊಡನೆ ಕುತ್ತಿಗೆಯ ಆ ಎರಡು ಕುಳಿಗಳನ್ನು ನೋಡಿ, ಹಳೇ ಹುಬ್ಬಳ್ಳಿಯ ಪಡಸಾಲೆಯ ಬಾಟಲಿಯ ತಂಗಿಯೇ ಬಂದಿದ್ದಾಳೆಂದು ಅನ್ನಿಸಿತು. ಲೆಮನೇಡ್ ಎಂಬ ಮಾತೇ ಜಪಾನಿಯರ ಬಾಯಲ್ಲಿ ರಾಮುನೆ ಆಯಿತು. 1884ರ ಸುಮಾರಿಗೆ ಕೋಬೆ ಪಟ್ಟಣದಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿಯೊಬ್ಬ ಅದನ್ನು ಮಾರತೊಡಗಿದ. ಗೋಲಿ ಒತ್ತಲು ಪ್ಲಾಸ್ಟಿಕ್ಕಿನ ಒಂದು ಟೊಪ್ಪಿಗೆಯನ್ನು ಬಾಟಲಿಯ ಜೊತೆಗೇ ಕೊಡುತ್ತಾರೆ. ಸದ್ದು ನಮ್ಮದಕ್ಕಿಂತ ಮೆದು, ಗ್ಯಾಸೂ ಮೆದು, ರುಚಿ ಲಿಂಬೆಯ ಪೆಪ್ಪರಮಿಂಟಿನಂತೆ ತಿಳಿಯಾದ ಸಿಹಿ. ಬಾಯಾರಿಕೆ ತೀರಿಸುವ ಬಲ ಅದಕ್ಕಿಲ್ಲ. ಮಕ್ಕಳ ಹಬ್ಬದ ಪಾನೀಯ.

ಈ ನಾಲ್ಕನ್ನೂ ಕುಡಿದಾದ ಮೇಲೆ ನನ್ನನ್ನು ಚುಚ್ಚಿದ ಸಂಗತಿ ಸಕ್ಕರೆಯದು. ಸಾಮಾನ್ಯ ಕೋಲಾದಲ್ಲಿ 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಆರು ಚಮಚೆಗೂ ಮೇಲಾಯಿತು. ಬಿಸಿಲಿನಲ್ಲಿ ಬಂದವನಿಗೆ ಅಷ್ಟು ಸಿಹಿ ಕೊಟ್ಟರೆ ಮತ್ತೆ ಅರ್ಧ ತಾಸಿಗೆ ಬಾಯಿ ಒಣಗುತ್ತದೆ. ಹುಬ್ಬಳ್ಳಿಯಲ್ಲಿ ಈಚೆಗೆ ಬಣ್ಣಬಣ್ಣದ ಪಾಕದ ಸೀಸೆಗಳನ್ನು ಸಾಲಾಗಿಟ್ಟು ಹತ್ತಾರು ಹೆಸರಿನ ಸೋಡಾ ಕೊಡುವ ಅಂಗಡಿಗಳಾಗಿವೆ. ಅಂಥ ಒಂದರಲ್ಲಿ ಕುಡಿದ ನೀಲಿ ಸೋಡಾ ವಹಿಯಲ್ಲಿ ಎಲ್ಲಕ್ಕಿಂತ ಕೆಳಗಿದೆ. ಗ್ಯಾಸು ಮೊದಲೇ ಸತ್ತಿತ್ತು, ಅದನ್ನು ಮುಚ್ಚಲು ಪಾಕ ಹೆಚ್ಚು ಸುರಿದಿದ್ದರು, ನಾಲಿಗೆ ಮರುದಿನ ಬೆಳಿಗ್ಗೆಯವರೆಗೆ ನೀಲಿಯಾಗಿಯೇ ಇತ್ತು. ಪಕ್ಕದಲ್ಲಿ ಕಾಲೇಜಿನ ಮಕ್ಕಳು ಅದನ್ನೇ ಎರಡೆರಡು ಗ್ಲಾಸು ಕುಡಿಯುತ್ತಿದ್ದುದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು, ಏಕೆಂದರೆ ಇಪ್ಪತ್ತು ಹೆಜ್ಜೆಯಾಚೆಗೆ ಉಪ್ಪಿನ ಲಿಂಬೆ ಸೋಡಾದ ಗಾಡಿ ಖಾಲಿ ನಿಂತಿತ್ತು. ಅದೇ ಬಗೆಯ ಅಂಗಡಿಯಲ್ಲಿ ಕಾಲಾ ಖಟ್ಟಾ ಮಾತ್ರ ತಕ್ಕಮಟ್ಟಿಗೆ ಚೆನ್ನಾಗಿತ್ತು; ನೇರಳೆಹಣ್ಣಿನ ಒಗರಿಗೆ ಕರಿ ಉಪ್ಪು ಕೂಡಿತ್ತು.

ಬಾಟಲಿಯಲ್ಲಿ ಸಿಗುವವುಗಳಲ್ಲಿ ನನಗೆ ಒಪ್ಪಿಗೆಯಾದದ್ದು ಪುತ್ತೂರಿನ ಬಿಂದು ಜೀರಾ ಮಸಾಲಾ. ಸಿಹಿ ಇದೆ, ಆದರೆ ಜೀರಿಗೆ ಮತ್ತು ಉಪ್ಪು ಮುಂದೆ ನಿಲ್ಲುತ್ತವೆ. ಹುರಿದ ಜೀರಿಗೆಯ ವಾಸನೆ ನಮ್ಮ ಒಗ್ಗರಣೆಯ ನೆನಪಿಗೇ ನೇರವಾಗಿ ಹೋಗುವುದರಿಂದಲೋ ಏನೋ, ಊಟದ ಮೇಲೆ ಅದು ಹೊರಗಿನದೆಂದು ಅನ್ನಿಸುವುದಿಲ್ಲ.

ಮನೆಯಲ್ಲಿ ಮಾಡಿದ ಪ್ರಯೋಗಗಳಲ್ಲಿ ಮುರುಗಲದ್ದು ಎಲ್ಲಕ್ಕಿಂತ ಚೆನ್ನಾಗಿ ಬಂತು. ಶಿರಸಿ ಕಡೆಯ ಒಣ ಮುರುಗಲ ಸಿಪ್ಪೆ, ಅಂದರೆ ಕೋಕಂ, ಹುಬ್ಬಳ್ಳಿಯ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಹತ್ತು ಹನ್ನೆರಡು ಸಿಪ್ಪೆಗಳನ್ನು ಒಂದು ಬಟ್ಟಲು ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಎರಡು ಚಮಚೆ ಬೆಲ್ಲದ ಪುಡಿ, ಹುರಿದ ಜೀರಿಗೆ ಪುಡಿ, ಉಪ್ಪು ಕೂಡಿಸಿ ಫ್ರಿಜ್ಜಿನಲ್ಲಿಟ್ಟೆ. ಆ ಗಟ್ಟಿ ರಸದ ಒಂದು ಪಾಲಿಗೆ ತಣ್ಣನೆಯ ಸೋಡಾ ನಾಲ್ಕು ಪಾಲು. ಕೆಂಪು ಬಣ್ಣ ಗ್ಲಾಸಿನ ತಳದಿಂದ ಮೇಲಕ್ಕೆ ಗುಳ್ಳೆಗಳ ಜೊತೆ ಏರುವುದನ್ನು ನೋಡಲೆಂದೇ ನಾನು ಮೂರು ಸಲ ಮಾಡಿದೆ. ಒಮ್ಮೆ ಸೋಡಾ ತೀರಿಹೋಗಿ, ನೊರೆ ಬರಲೆಂದು ಚಿಟಿಕೆ ಅಡುಗೆ ಸೋಡಾ ಹಾಕಿದ್ದೆ. ನೊರೆ ಬಂತು, ಆದರೆ ಬಣ್ಣ ಕಣ್ಣೆದುರಿಗೇ ಮಂಕಾಗಿ ಬೂದಿ ಬೆರೆತ ನೇರಳೆಯಾಯಿತು, ಹುಳಿ ಸತ್ತು ಸಾಬೂನಿನಂಥ ರುಚಿ ಬಂತು. ಹುಳಿಯಲ್ಲಿ ಕೆಂಪಾಗಿದ್ದು ಕ್ಷಾರ ತಾಗಿದರೆ ಬಣ್ಣ ಕೆಡಿಸಿಕೊಳ್ಳುವುದು ಆ ಹಣ್ಣಿನ ಗುಣ. ಗದಗಿನ ಸವಳು ನೀರಿನ ಸೋಡಾದಲ್ಲಿ ನಾಲಿಗೆಗೆ ತಿಳಿದದ್ದು ಇಲ್ಲಿ ಕಣ್ಣಿಗೇ ಕಂಡಿತು. ಸೊಗದೆ ಬೇರಿನ ಪಾಕಕ್ಕೆ ಸೋಡಾ ಬೆರೆಸಿದ್ದೂ ಚೆನ್ನಾಗಿತ್ತು, ಮೊದಲ ಮಳೆಯ ಮಣ್ಣಿನ ವಾಸನೆ ಅದರಲ್ಲಿದೆ, ಆದರೆ ಲಿಂಬೆ ಹಿಂಡದಿದ್ದರೆ ನೀರಸವೆನಿಸುತ್ತದೆ. ಹಾವೇರಿಯ ಏಲಕ್ಕಿ ಹಾರದ ನೆನಪಿನಲ್ಲಿ ಮಾಡಿದ ಏಲಕ್ಕಿ ಸೋಡಾ ಕೈಕೊಟ್ಟಿತು. ಗ್ಯಾಸಿನೊಡನೆ ಏಲಕ್ಕಿ ಮೂಗಿಗೆ ಏರಿ ಔಷಧಿಯಂತಾಯಿತು.

ಕಡೆಯ ನಮೂದು ಜೂನ್ ತಿಂಗಳ ಮೊದಲ ವಾರದ್ದು. ಅಣ್ಣನ ಮಗ ಊರಿಗೆ ಬಂದಿದ್ದ. 2025ರಲ್ಲಿ, ಕೃಷಿ ಮತ್ತು ಆಹಾರ ಪದಾರ್ಥಗಳ ರಫ್ತು ನೋಡಿಕೊಳ್ಳುವ ಕೇಂದ್ರದ ಅಪೆಡಾ ಸಂಸ್ಥೆಯ ಬೆಂಬಲದಿಂದ ನಮ್ಮ ದೇಶದ ಗೋಲಿ ಸೋಡಾ ಅಮೆರಿಕ, ಬ್ರಿಟನ್, ಗಲ್ಫ್ ದೇಶಗಳಿಗೆ ರಫ್ತಾಗತೊಡಗಿದ್ದನ್ನು ದಾರಿಯಲ್ಲಿ ಅವನೇ ಹೇಳಿದ. ಅಷ್ಟು ದೂರ ಹೋದ ಬಾಟಲಿಯಲ್ಲಿ ಚುಚ್ಚು ಎಷ್ಟು ಉಳಿದಿರುತ್ತದೆಂದು ತಿಳಿಯುವ ಕುತೂಹಲ ನನಗೆ ಬಹಳ ಇದೆ. ದುರ್ಗದಬೈಲಿಗೆ ಹೋದಾಗ ಮೋಡ ಕವಿದು ಗಾಳಿ ಎದ್ದಿತ್ತು. ಗಾಡಿಯಾತ ಎರಡು ಉಪ್ಪಿನ ಸೋಡಾ ಮಾಡಿದ. ಅಣ್ಣನ ಮಗ ಬಿಡುವಿಲ್ಲದೆ ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಅತ್ತೀ, ನಾ ತಂದದ್ದು ಯಾವ್ದೂ ಇದರಷ್ಟು ಚುಚ್ಚಿಲ್ಲ ನೋಡು" ಎಂದ. ಪುಣೆಯ ಗೆಳೆಯರಿಗೆ ತೋರಿಸಲೆಂದು ಎರಡು ತುಂಬಿದ ಬಾಟಲಿಗಳನ್ನು ಕೇಳಿದ. ಗಾಡಿಯಾತ ಗೋಣಿತಟ್ಟನ್ನು ಮಡಚುತ್ತ, "ಬಾಟ್ಲಿ ಕೊಡಾಂಗಿಲ್ರಿ, ಕುಡ್ದು ಇಲ್ಲೇ ಇಟ್ಟು ಹೋಗ್ಬೇಕು" ಎಂದು ಖಾಲಿ ಬಾಟಲಿಗಳನ್ನು ನಮ್ಮ ಮುಂದಿನಿಂದ ತೆಗೆದು ಟ್ರೇಗೆ ಹಾಕಿಕೊಂಡ. ಒಳಗೆ ಗೋಲಿಗಳು ಒಂದೊಂದು ಸಲ ಗಾಜಿಗೆ ಬಡಿದವು. ಹನಿ ಬೀಳತೊಡಗಿದ್ದರಿಂದ ನಾವು ಚಿಗರಿ ಬಸ್ಸಿನ ಕಡೆಗೆ ಓಡಿದೆವು.